ಆರು ವರ್ಷದ ಕಕ್ಕೆ ಮರ, ಒಂದು ಎಸಳೂ ಹೂವಿಲ್ಲ. ಏನ್ ಮಾಡೋದು?

ಬೆಣ್ಣೆದೋಸೆ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಇಲ್ಲಿ ಎರಡು ವರ್ಷದಿಂದ ಬರೀ ಓದ್ಕೊಂಡು ಹೋಗ್ತಿದ್ದೆ, ಇವತ್ತು ತಡೀಲಾರದೆ ಬರೀತಿದ್ದೀನಿ.

ನಮ್ಮದು 30×40 ಸೈಟು. ಗೃಹಪ್ರವೇಶ ಆದ ಮಳೆಗಾಲದಲ್ಲೇ ಗೇಟಿನ ಪಕ್ಕ ಒಂದು ಕಕ್ಕೆ ಗಿಡ ನೆಟ್ಟೆ. ಆಗ ಮೊಣಕಾಲುದ್ದ ಇತ್ತು. ಈಗ ಆರು ವರ್ಷ. ಮಹಡಿ ಪ್ಯಾರಾಪೆಟ್ ದಾಟಿದೆ, ಬುಡ ನನ್ನ ತೋಳಿಗಿಂತ ದಪ್ಪ, ಎಲೆ ನೋಡಿದ್ರೆ ಕಣ್ಣು ತಂಪಾಗುತ್ತೆ. ಹೂವು ಮಾತ್ರ ಕೇಳ್ಬೇಡಿ. ಒಂದು ಮೊಗ್ಗೂ ಕಂಡಿಲ್ಲ.

ಹೊಟ್ಟೆ ಉರಿಯೋದು ಎಲ್ಲಿ ಅಂದ್ರೆ, ನಾನು ಆಫೀಸಿಗೆ ಹೋಗೋ ದಾರೀಲಿ ರೈಲ್ವೆ ಹಳಿ ಪಕ್ಕ ಒಂದು ಕಕ್ಕೆ ಇದೆ. ಯಾರೂ ಅದಕ್ಕೆ ಒಂದು ಚೊಂಬು ನೀರು ಹಾಕಿದ್ದು ಕಾಣೆ. ಬುಡದಲ್ಲೇ ಕಸ ಸುಡ್ತಾರೆ. ಏಪ್ರಿಲ್ ಬಂತು ಅಂದ್ರೆ ಒಂದೆಲೆ ಕಾಣದ ಹಾಗೆ ಮೈತುಂಬ ಹಳದಿ ಹೊದ್ದು ನಿಲ್ಲುತ್ತೆ. ನಮ್ಮನೆಯದಕ್ಕೆ ನಾನು ದಿನಾ ನೀರು ಬಿಡ್ತೀನಿ, ಪಾತ್ರೆ ತೊಳೆದ ನೀರಿನ ಪೈಪೂ ಅದರ ಬುಡಕ್ಕೇ ತಿರುಗಿಸಿದ್ದೀನಿ. ಎರಡು ತಿಂಗಳಿಗೊಮ್ಮೆ ಒಂದು ಹಿಡಿ ಯೂರಿಯಾ, ವರ್ಷಕ್ಕೊಂದು ಸಲ ಕೊಟ್ಟಿಗೆ ಗೊಬ್ಬರ. ಇನ್ನೇನು ಮಾಡ್ಬೇಕು ಇದಕ್ಕೆ?

ಪಕ್ಕದ ಮನೆ ಅಂಕಲ್ "ಅದು ಗಂಡು ಮರ ಕಣಯ್ಯಾ, ಕಡಿಸಿ ಹಾಕು" ಅಂತಾರೆ. (ಮರದಲ್ಲಿ ಕೂತ ಹಕ್ಕಿ ಅವರ ಕಾರಿನ ಮೇಲೆ ಹಿಕ್ಕೆ ಹಾಕುತ್ತೆ, ಆ ಸಿಟ್ಟು.) ನಿಜವಾಗ್ಲೂ ಕಕ್ಕೆಯಲ್ಲಿ ಗಂಡು ಹೆಣ್ಣು ಅಂತ ಇದೆಯಾ?

ಚುಟುಕ

ಗಂಡು ಅಂತ ಖಾತ್ರಿ ಆದ್ರೆ ಹೆಣ್ಣು ನೋಡಿ. ಅರಳಿಗೂ ಬೇವಿಗೂ ಮದುವೆ ಮಾಡಿಸೋ ಜನ ನಾವು, ಇದೇನು ದೊಡ್ಡದು.

ಎಂಟನೇಮೈನ್ (ಬೆಂಗಳೂರು)

ಸಾರ್, ಕಕ್ಕೆ ಬಿಡಿ, ತಬೆಬುಯ ಹಾಕಿ. ನಮ್ಮ ರಸ್ತೇಲಿ ಜನವರಿ ಕೊನೇಲಿ ಶುರುವಾದ್ರೆ ಮಾರ್ಚ್ ತನಕ ಗುಲಾಬಿ ಚಾಪೆ ಹಾಸಿದ ಹಾಗಿರುತ್ತೆ. ವಾಕಿಂಗ್ ಬಂದವರೆಲ್ಲ ಫೋನ್ ಎತ್ಕೊಂಡು ನಿಂತ್ಬಿಡ್ತಾರೆ.

ಪೇಢಾಪ್ರಿಯ (ಧಾರವಾಡ)

ಅವರು ಕೇಳಿದ್ದೇನು, ನೀವು ಹೇಳೂದೇನ್ರಿ? ಹೆಂಡ್ತಿಗೆ ಜ್ವರ ಬಂದಾವ ಅಂದ್ರ ಬ್ಯಾರೆ ಮದುವಿ ಮಾಡ್ಕೋ ಅಂದಂಗಾತು.

ಬೆಣ್ಣೆದೋಸೆಯವರ, ಗಂಡು-ಹೆಣ್ಣು ಅಂತ ಏನೂ ಇಲ್ಲ. ಪಪ್ಪಾಯಿಯೊಳಗ ಇರ್ತದ, ಕಕ್ಕಿಯೊಳಗ ಇಲ್ಲ. ಒಂದs ಹೂವಿನೊಳಗ ಎರಡೂ ಇರ್ತಾವು. ಒಂದು ಹೂ ಕೈಯಾಗ ಹಿಡದು ನೋಡ್ರಿ, ಐದು ಎಸಳು, ನಡುವ ಮೂರು ಉದ್ದನ ಕೇಸರ ಬಿಲ್ಲಿನಂಗ ಬಾಗಿರ್ತಾವು, ಅದರ ಜೋಡಿ ಸಣ್ಣ ಹಸರು ಕಾಯಿ ಎಳೀನೂ ಇರ್ತದ. ನಿಮ್ಮ ಅಂಕಲ್‌ಗ ಅದನ್ನ ತೋರಸ್ರಿ.

ಬೆಣ್ಣೆದೋಸೆ

ತೋರಿಸೋಕೆ ಹೂವೇ ಇಲ್ವಲ್ಲ ಸಾರ್ 😭

ತೋಟದಹಾದಿ (ಗುಂಡ್ಲುಪೇಟೆ)

ಆರು ವರ್ಷವಾ? ನಮ್ಮ ತೋಟದ ಬೇಲಿಗುಂಟ ಹನ್ನೆರಡು ಗಿಡ ಹಾಕಿದ್ದೆ, ಎರಡೂವರೆ ವರ್ಷಕ್ಕೇ ಹೂವು ಬಂತು. ಮಳೆಗಾಲ ಮುಗಿಯೋ ಹೊತ್ತಿಗೆ ಮರದ ತಲೆ ಮೇಲೆ ಹಳದಿ ಕಿರೀಟ ಇಟ್ಟ ಹಾಗೆ. ಗೊಬ್ಬರ ಇಲ್ಲ, ನೀರಿಲ್ಲ, ದನ ಸಹ ಬಾಯಿ ಹಾಕಲ್ಲ. ನೀವು ತಂದ ಸಸೀನೇ ಸರಿ ಇರಲಿಕ್ಕಿಲ್ಲ. ಬೇಕಾದ್ರೆ ನಮ್ಮಲ್ಲಿ ಬೀಜ ಇದೆ, ಕಳಿಸ್ತೀನಿ.

ಕುಡ್ಲದ ಪುಳ್ಳಿ (ಮಂಗಳೂರು)

ನಮ್ಮ ಅಜ್ಜನ ಮನೆ ಕಾಸರಗೋಡಿನ ಹತ್ತಿರ. ಅಲ್ಲಿ ವಿಷುವಿಗೆ ಕಣಿ ಇಡುವಾಗ ಕೊನ್ನೆ ಹೂ ಬೇಕೇ ಬೇಕು, ಅಂದರೆ ಇದೇ ಕಕ್ಕೆ. ಸೌತೆಕಾಯಿ, ಅಕ್ಕಿ, ತೆಂಗಿನಕಾಯಿ, ಕನ್ನಡಿ, ಅದರ ಮೇಲೆ ಈ ಹಳದಿ ಗೊಂಚಲು. ಬೆಳಿಗ್ಗೆ ಕಣ್ಣು ಮುಚ್ಚಿಕೊಂಡೇ ಬಂದು ಮೊದಲು ಅದನ್ನು ನೋಡಬೇಕು. ಈಗೀಗ ಎಂತ ಆಗ್ತಾ ಉಂಟು ಅಂದ್ರೆ ಫೆಬ್ರವರಿಯಲ್ಲೇ ಅರಳಿ ವಿಷುವಿನ ಹೊತ್ತಿಗೆ ಉದುರಿ ಹೋಗಿರ್ತದೆ. ಹೋದ ವರ್ಷ ಮಾವ ಪ್ಲಾಸ್ಟಿಕ್ ಹೂ ತಂದು ಇಟ್ಟಿದ್ರು ಮಾರಾಯ್ರೆ, ಅಜ್ಜಿ ಇಡೀ ದಿನ ಮಾತಾಡ್ಲಿಲ್ಲ.

ನನ್ನ ಪ್ರಶ್ನೆ: ಇಷ್ಟು ಮಳೆ ಬೀಳುವ ನಮ್ಮಲ್ಲಿ ಇದು ಅಷ್ಟು ಚಂದ ಹೂ ಬಿಡುವಾಗ ದಾವಣಗೆರೆಯ ಬಿಸಿಲಿಗೆ ಯಾಕೆ ಬಿಡೂದಿಲ್ಲ?

ಮಣ್ಣುಮಸಿ (ಹಾಸನ)

ನಾನು ಇಪ್ಪತ್ತು ವರ್ಷದಿಂದ ನರ್ಸರಿ ನಡೆಸ್ತಿದ್ದೀನಿ. ಉತ್ತರ ಕೊಡೋ ಮುಂಚೆ ಬೆಣ್ಣೆದೋಸೆಯವರಿಗೆ ಎರಡು ಪ್ರಶ್ನೆ.

ನಿಮ್ಮ ಮರ ಎಲೆ ಉದುರಿಸೋದು ಯಾವ ತಿಂಗಳು? ಕೊಂಬೆ ಕತ್ತರಿಸ್ತೀರಾ, ಕತ್ತರಿಸಿದ್ರೆ ಯಾವಾಗ?

ಆಮೇಲೆ ಎಲೆಯ ಫೋಟೋ ಹಾಕಿ. ಗುಂಡ್ಲುಪೇಟೆಯವರೂ ಹಾಕಿ. ನನಗೆ ಅವರ ಮರದ ಮೇಲೇ ಜಾಸ್ತಿ ಅನುಮಾನ.

ತೋಟದಹಾದಿ

ನಮ್ಮ ಮರದ ಮೇಲೆ ಅನುಮಾನ ಯಾಕೆ ಸ್ವಾಮಿ? ಹೂ ಬಿಟ್ಟಿದ್ದೇ ತಪ್ಪಾಯ್ತಾ?

ಬೆಣ್ಣೆದೋಸೆ

ಫೋಟೋ ಹಾಕಿದ್ದೀನಿ ನೋಡಿ. ಎಲೆ ಪೂರ್ತಿ ಉದುರಿದ್ದು ನಾನು ನೋಡೇ ಇಲ್ಲ. ಹಳೇದು ಅಲ್ಲೊಂದು ಇಲ್ಲೊಂದು ಬೀಳುತ್ತೆ, ವರ್ಷವಿಡೀ ಹಸಿರಾಗೇ ಇರುತ್ತೆ. ಅದೇ ನನಗೆ ಖುಷಿ ಇತ್ತು.

ಕತ್ತರಿಸೋದು ನಾನಲ್ಲ, ಲೈನ್‌ಮನ್. ವೈರಿಗೆ ತಾಗುತ್ತೆ ಅಂತ ಪ್ರತಿ ವರ್ಷ ಸಂಕ್ರಾಂತಿ ಆಗಿ ಒಂದೆರಡು ವಾರಕ್ಕೆ ಬಂದು ರಸ್ತೆ ಕಡೆ ಕೊಂಬೆ ಪೂರಾ ಬೋಳಿಸಿ ಹೋಗ್ತಾರೆ. ಬರೀ ಒಂದು ಕಡೆ ಬೋಳಿಸಿದ್ರೆ ಸೊಟ್ಟ ಕಾಣುತ್ತೆ ಅಂತ ನಾನೇ ನೂರು ರೂಪಾಯಿ ಕೊಟ್ಟು ಈ ಕಡೆಯದನ್ನೂ ಸಮ ಮಾಡಿಸ್ತೀನಿ.

ಚುಟುಕ

ದುಡ್ಡು ಕೊಟ್ಟು ಹೂವು ಕತ್ತರಿಸಿ ಹಾಕಿಸಿದ ಮೊದಲ ಗಿರಾಕಿ ನೀವೇ ಇರ್ಬೇಕು.

ಮಣ್ಣುಮಸಿ

ಚುಟುಕ ನಗಾಡ್ತಾ ಹೇಳಿದ್ರೂ ಸರಿಯಾಗೇ ಹೇಳಿದ್ದಾರೆ.

ಎಲೆ ನೋಡಿದೆ. ನಾಲ್ಕೈದು ಜೋಡಿ, ಅಂಗೈ ಅಗಲ, ಚಿಗುರು ತಾಮ್ರದ ಬಣ್ಣಕ್ಕೆ ಹೊಳೀತಿದೆ. ಕಕ್ಕೆನೇ, ಸಂಶಯ ಬೇಡ. ಸಸಿ ಸರಿ ಇದೆ, ಮಾಲೀಕರದ್ದೇ ಸಮಸ್ಯೆ 🙂

ಕಕ್ಕೆ ನಮ್ಮ ಒಣ ಕಾಡಿನ ಮರ. ಮಳೆಗಾಲ ಪೂರ್ತಿ ಬೆಳೆಯುತ್ತೆ, ಚಳಿ ಕಳೆದು ನೆಲ ಒಣಗ್ತಾ ಬಂದ ಹಾಗೆ ಬೆಳವಣಿಗೆ ನಿಲ್ಲಿಸುತ್ತೆ, ಎಲೆ ಉದುರಿಸುತ್ತೆ, ಆ ಬೋಳು ಕೊಂಬೆಯ ಗೆಣ್ಣಿಂದ ಗೊಂಚಲು ಇಳಿಬಿಡುತ್ತೆ. ನೀವು ಆ ಒಣಗೋ ಹೊತ್ತನ್ನೇ ಅದಕ್ಕೆ ಕೊಟ್ಟಿಲ್ಲ. ದಾವಣಗೆರೆ ಕಡೆ ಎರೆಮಣ್ಣು ಅಲ್ವಾ? ಎರೆಮಣ್ಣು ನೀರನ್ನ ಹಿಡ್ಕೊಂಡು ಕೂರುತ್ತೆ. ಅದರ ಮೇಲೆ ದಿನಾ ನೀರು, ಪಾತ್ರೆ ನೀರು, ಯೂರಿಯಾ. ಯೂರಿಯಾ ಅಂದ್ರೆ ಬರೀ ಎಲೆಗೆ ಊಟ. ಮರಕ್ಕೆ ವರ್ಷಪೂರ್ತಿ ಶ್ರಾವಣ. ಹೂ ಬಿಡಬೇಕು ಅನ್ನೋ ಯೋಚನೆ ಬರೋದಾದ್ರೂ ಹೇಗೆ?

ಇಷ್ಟರ ಮೇಲೂ ಪಾಪ ಒಂದೆರಡು ಕೊಂಬೆ ಬಲಿತು ಹೂ ಬಿಡೋಕೆ ತಯಾರಾಗಿದ್ರೆ, ಜನವರೀಲಿ ನೀವು ಅದನ್ನೇ ಕಡಿಸ್ತೀರಿ. ಆ ವರ್ಷದ ಹೂವು ಬರಬೇಕಾದ್ದು ಅದೇ ಬಲಿತ ಕೊಂಬೆಯಲ್ಲಿ.

ಕುಡ್ಲದವರಿಗೂ ಇದೇ ಉತ್ತರ. ಮಳೆ ಎಷ್ಟು ಬಿತ್ತು ಅನ್ನೋದಲ್ಲ, ಮಳೆ ನಿಂತ ಮೇಲೆ ಎಷ್ಟು ದಿನ ಒಣಗಿತ್ತು ಅನ್ನೋದು ಲೆಕ್ಕ. ನಿಮ್ಮಲ್ಲಿ ಡಿಸೆಂಬರಿಂದ ಮಾರ್ಚ್ ತನಕ ಚೆನ್ನಾಗಿ ಒಣಗುತ್ತಲ್ಲ.

ಬ್ಯಾಂಕಾಕ್ ಭಟ್ಟ

ಒಣಗೋ ಮಾತು ನಿಜ. ಇಲ್ಲಿ ಥಾಯ್ಲೆಂಡಲ್ಲಿ ವರ್ಷದ ಮುಕ್ಕಾಲು ಪಾಲು ಸೆಖೆ, ಬೆವರು. ಆದರೆ ನವೆಂಬರಿಂದ ಫೆಬ್ರವರಿ ತನಕ ಮಳೆ ಅಪರೂಪ. ಅದು ಮುಗೀತಿದ್ದ ಹಾಗೆ ರಸ್ತೆಗಳೆಲ್ಲ ಹಳದಿ. ಇಲ್ಲಿ ಇದಕ್ಕೆ ರಾಚಫ್ರುಕ್ ಅಂತಾರೆ. ನಮ್ಮ "ರಾಜವೃಕ್ಷ"ನೇ, ನಾಲಿಗೆ ಬೇರೆ. 2001ರಲ್ಲಿ ರಾಷ್ಟ್ರೀಯ ಹೂವು ಅಂತ ಘೋಷಿಸಿದ್ರು. ಇಲ್ಲಿ ವಾರದ ಒಂದೊಂದು ದಿನಕ್ಕೆ ಒಂದೊಂದು ಬಣ್ಣ. ಹಿಂದಿನ ದೊರೆ ಭೂಮಿಬೋಲ್ ಹುಟ್ಟಿದ್ದು ಸೋಮವಾರ, ಸೋಮವಾರಕ್ಕೆ ಹಳದಿ. ಹಾಗಾಗಿ ಈ ಹೂವಿಗೆ ರಾಜಮರ್ಯಾದೆ.

ಊರಲ್ಲಿ ನಮ್ಮಪ್ಪ ತೋಟದ ಮೂಲೇಲಿದ್ದ ಕಕ್ಕೇನ ಸೌದೆಗೆ ಕಡಿಸಿದ್ದು ನೆನಪಾಗುತ್ತೆ ಪ್ರತಿ ಸಲ.

ಕಾಡುಪಾಪ (ಮೈಸೂರು)

ತೋಟದಹಾದಿಯವರೇ, ಫೋಟೋ ಎಲ್ಲಿ?

ತೋಟದಹಾದಿ

ಹಾಕಿದೀನಿ ನೋಡ್ಕೊಳ್ಳಿ. ಹೋದ ಅಕ್ಟೋಬರಿನದ್ದು. ಹೂವು ನೋಡಿ ಮಾತಾಡಿ.

ಕಾಡುಪಾಪ

ಅಂದ್ಕೊಂಡಿದ್ದೇ ಆಯ್ತು. ಸಾರ್, ದಯವಿಟ್ಟು ಬೇಜಾರು ಮಾಡ್ಕೋಬೇಡಿ, ಇದು ಕಕ್ಕೆ ಅಲ್ಲ. ಸೆನ್ನಾ ಸ್ಪೆಕ್ಟಾಬಿಲಿಸ್.

ಕಕ್ಕೆ ಗೊಂಚಲು ದ್ರಾಕ್ಷಿ ಹಾಗೆ ಕೆಳಗೆ ಜೋತುಬೀಳುತ್ತೆ. ನಿಮ್ಮದು ಕೊಂಬೆ ತುದೀಲಿ ಮೇಲಕ್ಕೆ ನಿಂತಿದೆ, ನೀವೇ "ಕಿರೀಟ" ಅಂದ್ರಿ. ಎಲೆ ಎಣಿಸಿ, ಒಂದೊಂದು ಕಡ್ಡೀಲಿ ಹತ್ತಕ್ಕಿಂತ ಜಾಸ್ತಿ ಜೋಡಿ ಇದೆ, ಸಣ್ಣಗೆ ಚೂಪಾಗಿದೆ. ಕಕ್ಕೆಯದ್ದು ಮೂರರಿಂದ ಎಂಟು ಜೋಡಿ, ಅಗಲ.

ಇದು ಅಮೆರಿಕ ಖಂಡದ ಉಷ್ಣ ಸೀಮೆಯ ಮರ. ಅಂದಕ್ಕೆ, ನೆರಳಿಗೆ ಅಂತ ತಂದು ನೆಟ್ಟಿದ್ದು ಈಗ ಬಂಡೀಪುರ, ನಾಗರಹೊಳೆ, ವಯನಾಡು, ಮುದುಮಲೈ ಕಾಡಿನೊಳಗೆಲ್ಲ ಹಬ್ಬಿದೆ. ಇದರ ಅಡಿ ಹುಲ್ಲು ಏಳಲ್ಲ. ದನ ಬಾಯಿ ಹಾಕಲ್ಲ ಅಂತ ನೀವು ಹೆಮ್ಮೆಪಟ್ರಲ್ಲ, ಜಿಂಕೆ ಆನೆಗೂ ಅಷ್ಟೇ. ತಮಿಳುನಾಡಿನಲ್ಲಿ ಕಡಿದು ಕಾಗದದ ಕಾರ್ಖಾನೆಗೆ ಸಾಗಿಸ್ತಿದ್ದಾರೆ. ನೀವಿರೋದು ಗುಂಡ್ಲುಪೇಟೆ, ಕಾಡು ನಿಮ್ಮ ಬೇಲಿ ಆಚೆಗೇ. ಬೀಜ ಮಾತ್ರ ಯಾರಿಗೂ ಕಳಿಸ್ಬೇಡಿ.

ತೋಟದಹಾದಿ

ನರ್ಸರಿಯವನು ಬೋರ್ಡಲ್ಲಿ "ಕಕ್ಕೆ" ಅಂತಲೇ ಬರೆದಿದ್ದ. ಸಸಿಗೆ ಎಂಬತ್ತು ರೂಪಾಯಿ ಕೊಟ್ಟಿದ್ದೀನಿ. ಅದೇನು ಅಷ್ಟೊಂದು ಭಯ ಹುಟ್ಟಿಸ್ತೀರಿ, ಹನ್ನೆರಡು ಮರದಿಂದ ಕಾಡು ಹಾಳಾಗುತ್ತಾ?

ಕಾಡುಪಾಪ

ಒಂದು ಪ್ರಶ್ನೆ. ನೀವು ನೆಟ್ಟಿದ್ದು ಹನ್ನೆರಡು. ಈಗ ಬೇಲಿಗುಂಟ ಎಷ್ಟಿವೆ?

ತೋಟದಹಾದಿ

ಹೋಗಿ ಎಣಿಸಿ ಹೇಳ್ತೀನಿ.

ಪೇಢಾಪ್ರಿಯ

ಅವರು ಎಣಸಿ ಬರೂತನಕ ನಂದೊಂದು ಕಥಿ.

ನಾವು ಸಣ್ಣವರಿದ್ದಾಗ ಸಾಲಿ ಹಿಂದ ಒಂದು ಕಕ್ಕಿ ಗಿಡ ಇತ್ತು. ಕಾಯಿ ಒಂದೂವರಿ ಫೂಟು ಉದ್ದ, ಕರ್ರಗ ಲಾಠಿಯಂಗ. ಒಣಗಿದ್ರ ಅಲ್ಲಾಡಿಸಿದಾಗ ಗಿಲಕಿ ಸಪ್ಪಳ. ಒಡದು ನೋಡಿದ್ರ ಒಳಗ ಎಂಟಾಣೆ ನಾಣ್ಯ ಪೇರಿಸಿಟ್ಟಂಗ ಪದರ ಪದರ, ಒಂದೊಂದು ಪದರಕ್ಕ ಒಂದು ಚಪ್ಪಟಿ ಬೀಜ, ಬಿಲ್ಲಿಗೆ ಕರಿ ಅಂಟು ಮೆತ್ತಿರ್ತದ. ನೋಡಾಕ ಥೇಟ್ ಕಾಕಂಬಿ, ಸಿಹೀನೂ ಹೌದು. ನಾವು ನಾಕು ಮಂದಿ ಪಂತ ಕಟ್ಟಿ ನೆಕ್ಕಿದ್ವಿ. ನಾ ಗೆದ್ದೆ. ಮುಂದ ಎರಡು ದಿನ ತಂಬಿಗಿ ಕೈಯಾಗಿಂದ ಇಳೀಲಿಲ್ಲ.

ಅವ್ವ ಬೈಕೋತ ಮಜ್ಜಿಗಿ ಅನ್ನ ಹಾಕಿದ್ಲು. ವೈದ್ಯರು ಭೇದಿಗೆ ಕೊಡೂದು ಅದನ್ನs ಅಂತ ಆಮ್ಯಾಲ ಗೊತ್ತಾತು. ಮನಿಯಾಗ ಸಣ್ಣ ಹುಡುಗರಿದ್ರ ಕಾಯಿ ಬಿದ್ದಕೂಡ್ಲೆ ಆರಿಸಿ ಹಾಕ್ರಿ.

ಮೇಷ್ಟ್ರು

ಪೇಢಾ ಅವರು ಹೇಳಿದ್ದು ಸರಿ. ಸಂಸ್ಕೃತದ "ಆರಗ್ವಧ" ಇದೇ, ವಿರೇಚನಕ್ಕೆ ಬಳಕೆ. ಇನ್ನೊಂದು ಮಾತು. ಕಾಳಿದಾಸ ಕರ್ಣಿಕಾರದ ಹೂವಿಗೆ ಬಣ್ಣ ಇಷ್ಟಿದ್ದೂ ಪರಿಮಳ ಇಲ್ಲವಲ್ಲ ಅಂತ ಬೇಸರಪಟ್ಟಿದ್ದಾನೆ. ಬಹಳ ಜನ ಅದು ಕಕ್ಕೆಯೇ ಅನ್ನುತ್ತಾರೆ.

ಕುಡ್ಲದ ಪುಳ್ಳಿ

ಕಕ್ಕೆಗೆ ಪರಿಮಳ ಉಂಟು ಮೇಷ್ಟ್ರೇ. ಬೆಳಿಗ್ಗೆ ಬೇಗ ಮರದಡಿ ನಿಂತರೆ ತೆಳ್ಳಗೆ ಬರ್ತದೆ. ಕವಿ ಮಧ್ಯಾಹ್ನ ಎದ್ದಿರಬೇಕು.

ಮೇಷ್ಟ್ರು

ಕರ್ಣಿಕಾರ ಅಂದರೆ ಬೇರೆ ಮರ ಅನ್ನುವವರೂ ಇದ್ದಾರೆ. ಆದರೆ ಅವರು ತೋರಿಸುವ ಮರದ ಹೂವಿಗೆ ಇನ್ನೂ ಗಾಢ ವಾಸನೆ! ಹಾಗಾಗಿ ನನ್ನ ಮತ ಕಕ್ಕೆಗೇ.

ನಿರ್ವಾಹಕ

ಕಾಳಿದಾಸನಿಗೆ ಬೇರೆ ಎಳೆ ತೆಗೆಯಿರಿ, ಇಲ್ಲಿ ದಾವಣಗೆರೆ ಮರಕ್ಕೆ ಹೂ ಬರಿಸೋಣ.

ತರಕಾರಿ ತಾತ (ಕೋಲಾರ)

ನನ್ನದೊಂದು ಮಾತು. ಕಕ್ಕೆ ದ್ವಿದಳ ಜಾತಿ. ಹುರುಳಿ, ಅಲಸಂದೆ ಥರ ಬೇರಲ್ಲಿ ಗಂಟು ಕಟ್ಕೊಂಡು ಸಾರಜನಕ ತಾನೇ ಮಾಡ್ಕೊಳುತ್ತೆ. ಅದಕ್ಕೇ ಯೂರಿಯಾ ಬೇಡ.

ಮಣ್ಣುಮಸಿ

ತಾತ, ಯೂರಿಯಾ ಬೇಡ ಅನ್ನೋದು ಸರಿ, ಕಾರಣ ತಪ್ಪು. ಕುಟುಂಬ ಅದೇ ಆದ್ರೂ ಕಕ್ಕೆ ಬೇರಲ್ಲಿ ಗಂಟು ಕಟ್ಟಲ್ಲ. ಸಸಿ ಬದಲಾಯಿಸುವಾಗ ಸಾವಿರಗಟ್ಟಲೆ ಬೇರು ನೋಡಿದ್ದೀನಿ, ಒಂದರಲ್ಲೂ ಕಂಡಿಲ್ಲ. ಎಳೇ ಗಿಡಕ್ಕೆ ಮೊದಲೆರಡು ವರ್ಷ ಗೊಬ್ಬರ, ಬೇಸಿಗೆಯಲ್ಲಿ ನೀರು, ಎರಡೂ ಬೇಕು. ಬೇರು ಇಳಿದ ಮೇಲೆ ನಮ್ಮ ಸೇವೆ ನಿಲ್ಲಿಸಬೇಕು.

ತರಕಾರಿ ತಾತ

ಹೌದಾ? ನಲವತ್ತು ವರ್ಷದಿಂದ ಎಲ್ಲರಿಗೂ ಹಾಗೇ ಹೇಳ್ಕೊಂಡು ಬಂದಿದ್ದೆ. ಇರಲಿ.

ಎಂಟನೇಮೈನ್

ಇಷ್ಟೆಲ್ಲ ರಾಮಾಯಣ ಬೇಡ ಅಂತಲೇ ನಾನು ತಬೆಬುಯ ಅಂದಿದ್ದು.

ಕಾಡುಪಾಪ

ಅದೂ ಹೊರಗಿನದ್ದೇ. ಎಲ್ ಸಾಲ್ವಡಾರ್ ದೇಶದ ರಾಷ್ಟ್ರೀಯ ಮರ ಗೊತ್ತಾ ನಿಮ್ಮ ಗುಲಾಬಿ ತಬೆಬುಯ. ನಮ್ಮ ಕಾಡಲ್ಲೇ ಕಕ್ಕೆ, ಮುತ್ತುಗ, ಹೊಳೆದಾಸವಾಳ ಇರುವಾಗ ಅಲ್ಲಿಂದ ಯಾಕೆ?

ಎಂಟನೇಮೈನ್

ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆನೂ ಅಲ್ಲಿಂದಲೇ ಬಂದಿದ್ದು. ನಾಳೆಯಿಂದ ಸಾರಿಗೆ ಕರಿಮೆಣಸು ಮಾತ್ರ ಹಾಕ್ತೀರಾ? ಗುಲ್‌ಮೊಹರ್ ಮಡಗಾಸ್ಕರಿನದ್ದು, ಜಕರಂಡ ದಕ್ಷಿಣ ಅಮೆರಿಕದ್ದು. ಇವೆಲ್ಲ ತೆಗೆದ್ರೆ ಬೆಂಗಳೂರಲ್ಲಿ ಉಳಿಯೋದು ವೈರು, ಫ್ಲೆಕ್ಸು.

ಅಲ್ಲದೆ 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನಿಯ ತೋಟಗಾರಿಕೆ ತಜ್ಞ ಕೃಂಬಿಗಲ್ ಲೆಕ್ಕಾಚಾರ ಏನಿತ್ತು? ಒಂದು ಜಾತಿ ಹೂವು ಮುಗಿಯೋ ಹೊತ್ತಿಗೆ ಇನ್ನೊಂದು ಅರಳಬೇಕು, ಊರಲ್ಲಿ ವರ್ಷವಿಡೀ ಯಾವುದಾದ್ರೂ ಮರ ಹೂ ಬಿಟ್ಟಿರಬೇಕು ಅಂತ. ಬರೀ ನಾಡಜಾತಿ ಅಂತ ಕೂತಿದ್ರೆ ಆಗ್ತಿತ್ತಾ? ಆಮೇಲೆ 1980ರ ದಶಕದಲ್ಲಿ ಅರಣ್ಯಾಧಿಕಾರಿ ನೇಗಿನಹಾಳ್ ಅವರು ಲಕ್ಷಗಟ್ಟಲೆ ಗಿಡ ಹಾಕಿಸಿದ್ರು. ಆ ನೆರಳಲ್ಲೇ ನೀವು ಬೆಂಗಳೂರಿಗೆ ಬಂದಾಗ ಆಟೋ ಕಾಯೋದು.

ಕಾಡುಪಾಪ

ಹೊರಗಿನದ್ದೆಲ್ಲ ಕೆಟ್ಟದ್ದು ಅಂತ ನಾನು ಹೇಳಿಲ್ಲ. ತಬೆಬುಯ ಬೆಂಗಳೂರಿನ ಫುಟ್‌ಪಾತ್ ಬಿಟ್ಟು ಬಂಡೀಪುರಕ್ಕೆ ನಡ್ಕೊಂಡು ಹೋಗಿಲ್ಲ, ಒಪ್ಪಿದೆ. ಸೆನ್ನಾ ಹೋಗಿದೆ. ನನ್ನ ತಕರಾರು ಅಷ್ಟೇ. ಆದರೂ ಕಕ್ಕೆಗೆ ಬರೋ ಹಳದಿ-ಹಸಿರು ಚಿಟ್ಟೆ ನಿಮ್ಮ ತಬೆಬುಯಕ್ಕೆ ಬಂದು ಮೊಟ್ಟೆ ಇಡುತ್ತಾ?

ಬೆಣ್ಣೆದೋಸೆ

ಅಯ್ಯೋ ಚಿಟ್ಟೆ ಅಂದ್ಕೂಡ್ಲೇ ನೆನಪಾಯ್ತು! ಮಳೆ ಶುರುವಾದ್ಮೇಲೆ ಎಳೇ ಎಲೆ ತುಂಬ ಹಸಿರು ಹುಳ. ಮರದ ಅರ್ಧ ಎಲೆ ಜರಡಿ ಮಾಡಿ ಹಾಕುತ್ತೆ. ಹೋದ ವರ್ಷ ಅಂಗಡಿಯವನು ಕೊಟ್ಟ ಔಷಧಿ ಹೊಡೆದಿದ್ದೆ, ಎರಡು ದಿನ ಮನೆಯೆಲ್ಲ ವಾಸನೆ. ಅದೂ ಹೂ ಬರದೇ ಇರೋಕೆ ಕಾರಣನಾ?

ಕಾಡುಪಾಪ

ಅಲ್ಲ. ಅದು ಕಾಮನ್ ಎಮಿಗ್ರೆಂಟ್ ಚಿಟ್ಟೆಯ ಹುಳ. ಅದರ ಊಟವೇ ಕಕ್ಕೆ ಚಿಗುರು. ತಿಂದು ಹೋಗಲಿ ಬಿಡಿ, ಎರಡು ವಾರದಲ್ಲಿ ಮರ ಮತ್ತೆ ಚಿಗುರುತ್ತೆ. ಔಷಧಿ ಮಾತ್ರ ಬೇಡ. ಹೂವು ಬಂದಾಗ ದೊಡ್ಡ ಕರೀ ದುಂಬಿ ಬರುತ್ತೆ, ಮರದ ತೊಲೆ ಕೊರೆಯುತ್ತಲ್ಲ ಅದೇ. ಕೇಸರ ತಬ್ಬಿ ಹಿಡಿದು ಮೈ ಗುಂಯ್ ಅಂತ ನಡುಗಿಸಿ ಪರಾಗ ಉದುರಿಸಿಕೊಳ್ಳುತ್ತೆ. ಔಷಧಿ ಹೊಡೆದ್ರೆ ಅದಕ್ಕೂ ಪೆಟ್ಟು.

ಬೆಣ್ಣೆದೋಸೆ

ಸರಿ. ಹಾಗಾದ್ರೆ ನಾನು ಮಾಡ್ಬೇಕಾದ್ದು ಏನೂ ಮಾಡದೇ ಇರೋದು. ಕಷ್ಟ ಇದೆ, ಆದ್ರೂ ಪ್ರಯತ್ನ ಪಡ್ತೀನಿ. ಲೈನ್‌ಮನ್‌ಗೆ ಏನು ಹೇಳ್ಲಿ?

ಮಣ್ಣುಮಸಿ

ವೈರಿನ ಕಡೆ ಕತ್ತರಿಸಲೇಬೇಕು, ಅದರಲ್ಲಿ ಜಗಳ ಬೇಡ. ಆದರೆ ಹೂವಿನ ಕಾಲ ಮುಗಿದ ಕೂಡಲೇ, ಜೂನ್ ಹೊತ್ತಿಗೆ, ನೀವೇ ಆ ಕೊಂಬೆಗಳನ್ನ ಗಿಡ್ಡ ಮಾಡಿಸಿಡಿ. ಜನವರೀಲಿ ಅವರು ಬಂದಾಗ ಕತ್ತರಿಸೋಕೆ ಏನೂ ಸಿಗಬಾರದು. ಈ ಕಡೆ ಸಮ ಮಾಡಿಸೋ ಹುಚ್ಚು ಬಿಡಿ. ಸೊಟ್ಟ ಇದ್ರೆ ಇರಲಿ.

ಪಾತ್ರೆ ನೀರಿನ ಪೈಪು ಇವತ್ತೇ ಬಾಳೆಗೆ ತಿರುಗಿಸಿ. ನವೆಂಬರ್ ಆದ ಮೇಲೆ ಕಕ್ಕೆ ಬುಡಕ್ಕೆ ಒಂದು ಹನಿ ಬೇಡ. ಎಲೆ ಜೋತುಬಿದ್ದರೆ ಗಾಬರಿಯಾಗಿ ಕೊಡ ಎತ್ಕೊಂಡು ಓಡ್ಬೇಡಿ.

ಮುಂದಿನ ವರ್ಷವೇ ಬರುತ್ತೆ ಅಂತ ಮಾತು ಕೊಡಲ್ಲ. ಬೀಜದಿಂದ ಬಂದ ಮರ ಕೆಲವು ಎಂಟು-ಹತ್ತು ವರ್ಷ ತಗೊಂಡಿದ್ದೂ ನೋಡಿದ್ದೀನಿ.

ಅಂಗಳದ ಅಕ್ಕ (ಶಿರಸಿ)

ನಡುವೆ ಬಾಯಿ ಹಾಕ್ತಿದ್ದೇನೆ. ಕಕ್ಕೆ ಬೀಜ ಹಾಕಿದ್ರೆ ಹುಟ್ಟೂದೇ ಇಲ್ಲ ನನಗೆ. ಮೂರು ಸಲ ಹಾಕಿದೆ. ಹೇಗೆ ಮಾಡೂದು?

ಮಣ್ಣುಮಸಿ

ಸಿಪ್ಪೆ ಕಲ್ಲಿನಂಥದ್ದು ಅಕ್ಕ, ನೀರು ಒಳಗೆ ಹೋಗಲ್ಲ. ಉಗುರು ಕತ್ತರಿಸೋ ಕಟ್ಟರಿಂದ ಬೀಜದ ಅಂಚು ಒಂದು ಚೂರು ಚಿವುಟಿ, ಬಿಳಿ ಕಂಡ್ರೆ ಸಾಕು. ಮೊಳಕೆ ಬರೋ ಮೂತಿ ಕಡೆ ಬೇಡ, ಎದುರು ಬದಿಗೆ. ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ಎರಡರಷ್ಟು ಊದಿರೋದನ್ನ ಮಾತ್ರ ಬಿತ್ತಿ. ಊದದೇ ಇದ್ದದ್ದನ್ನ ಮತ್ತೆ ಚಿವುಟಿ.

ಕಾಡಲ್ಲಿ ಈ ಕೆಲಸ ಕರಡಿ, ನರಿ ಮಾಡ್ತವೆ. ಕಾಯಿಯ ಅಂಟು ತಿಂದು ಬೀಜವನ್ನ ಹಿಕ್ಕೆಯಲ್ಲಿ ಹಾಕ್ತವೆ.

ಚುಟುಕ

ಪೇಢಾ ಅವರೂ ನಾಲ್ಕನೇ ಕ್ಲಾಸಲ್ಲಿ ಅರಣ್ಯೀಕರಣಕ್ಕೆ ಕೈಜೋಡಿಸಿದ್ದಾರೆ ಅಂತಾಯ್ತು.

ಪೇಢಾಪ್ರಿಯ

ಏ ಹೋಗಪಾ 😂

ತೋಟದಹಾದಿ

ಎಣಿಸ್ಕೊಂಡು ಬಂದೆ. ದೊಡ್ಡವು ಹನ್ನೆರಡು. ಬೇಲಿ ಸಾಲಲ್ಲಿ, ಹಳ್ಳದ ದಂಡೇಲಿ ಸೇರಿ ಸೊಂಟದೆತ್ತರದವು ಅರವತ್ತರವರೆಗೆ ಎಣಿಸಿದೆ, ಆಮೇಲೆ ಬಿಟ್ಟೆ. ಅಷ್ಟಿದೆ ಅಂತ ನನಗೇ ಗೊತ್ತಿರಲಿಲ್ಲ. ಕಡಿಸಿದ್ರೆ ಮುಗೀತಾ?

ಕಾಡುಪಾಪ

ಕಡಿದ್ರೆ ಒಂದರ ಜಾಗದಲ್ಲಿ ಹತ್ತು ಚಿಗುರುತ್ತೆ. ಸಣ್ಣವನ್ನ ಮಳೆ ಬಿದ್ದು ನೆಲ ಮೆತ್ತಗಾದಾಗ ಬೇರು ಸಮೇತ ಕೀಳಿ. ದೊಡ್ಡವಕ್ಕೆ ಬುಡದಿಂದ ಎದೆಮಟ್ಟ ತೊಗಟೆ ಸುತ್ತಲೂ ಪೂರ್ತಿ ಸುಲಿಯಬೇಕು, ನಿಂತಲ್ಲೇ ಒಣಗುತ್ತೆ. ಕೈ ಹಾಕೋ ಮುಂಚೆ ಒಂದು ಸಲ ಅರಣ್ಯ ಇಲಾಖೆ ಕಚೇರೀಲಿ ಕೇಳಿ. 1976ರ ಮರ ಸಂರಕ್ಷಣಾ ಕಾಯ್ದೆ ಸ್ವಂತ ಜಮೀನಿನ ಮರಕ್ಕೂ ಅನ್ವಯ, ಕೆಲವು ಜಾತಿಗೆ ವಿನಾಯಿತಿ ಇದೆ ಅಷ್ಟೇ. ನಾನು ಭಾನುವಾರ ಆ ಕಡೆ ಬರ್ತೀನಿ, ಬೇಕಾದ್ರೆ ಕೈ ಸೇರಿಸ್ತೀನಿ.

ತೋಟದಹಾದಿ

ಬನ್ನಿ. ಊಟ ನಮ್ಮಲ್ಲೇ. ಬೆಣ್ಣೆದೋಸೆಯವರೇ, ಬೀಜ ಕಳಿಸ್ತೀನಿ ಅಂದಿದ್ದೆ, ಮರೆತುಬಿಡಿ.

*(ಹನ್ನೊಂದು ತಿಂಗಳ ನಂತರ)*

ಬೆಣ್ಣೆದೋಸೆ

ಈ ಎಳೆ ಯಾರಿಗಾದ್ರೂ ನೆನಪಿದೆಯಾ?

ಪೈಪು ಬಾಳೆಗೆ ತಿರುಗಿಸಿದೆ (ಬಾಳೆ ಈಗ ಗೊನೆ ಹಾಕಿದೆ, ಅದು ಬೇರೆ ವಿಷಯ). ಯೂರಿಯಾ ಚೀಲ ತಮ್ಮನ ಹೊಲಕ್ಕೆ ಹೋಯ್ತು. ಜನವರೀಲಿ ಲೈನ್‌ಮನ್ ಬಂದು ತಲೆ ಎತ್ತಿ ನೋಡಿ "ಏನೂ ಇಲ್ವಲ್ಲ ಸಾರ್" ಅಂತ ವಾಪಸ್ ಹೋದ. ಫೆಬ್ರವರಿ ಕೊನೇಲಿ ಎಲೆ ಹಳದಿಯಾಗಿ ಉದುರೋಕೆ ಶುರುವಾಯ್ತು. ಮಾರ್ಚ್ ಮಧ್ಯಕ್ಕೆ ಮರ ಪೂರ್ತಿ ಬೋಳು. ನಮ್ಮನೆಯವಳು "ನೀವು ಅದನ್ನ ಕೊಂದೇಬಿಟ್ರಿ" ಅಂತ ದಿನಾ ಹೇಳ್ತಿದ್ಲು. ಎರಡು ಸಲ ರಾತ್ರಿ ಕೊಡ ಹಿಡ್ಕೊಂಡು ಗೇಟಿನ ತನಕ ಹೋಗಿ ವಾಪಸ್ ಬಂದಿದ್ದೀನಿ, ಮಣ್ಣುಮಸಿ ಸಾರ್ ಬೈತಾರೆ ಅಂತ.

ಮೊನ್ನೆ ಮಂಗಳವಾರ ಅಂಕಲ್ ಗೇಟು ಬಡಿದ್ರು. ಮತ್ತೆ ಹಕ್ಕಿ ಹಿಕ್ಕೆ ತಕರಾರು ಅಂದ್ಕೊಂಡು ಹೋದೆ. ಫೋನಲ್ಲಿ ಫೋಟೋ ತೋರಿಸಿದ್ರು. ಒಂದೇ ಒಂದು ಗೊಂಚಲು, ಮೊಳದುದ್ದ, ಅರ್ಧ ಅರಳಿದೆ, ತುದೀಲಿ ಇನ್ನೂ ಹಸಿರು ಗುಂಡು ಮೊಗ್ಗು. ಬಂದಿರೋದು ಅವರ ಕಾಂಪೌಂಡ್ ಒಳಗೆ ಚಾಚಿದ ಕೊಂಬೇಲಿ. ನಮ್ಮ ಗೇಟಿಂದ ಕಾಣೋದೇ ಇಲ್ಲ, ನೋಡ್ಬೇಕಂದ್ರೆ ಅವರ ಪೋರ್ಟಿಕೋಗೆ ಹೋಗ್ಬೇಕು.

ಮಣ್ಣುಮಸಿ

ಮೊದಲ ವರ್ಷಕ್ಕೆ ಒಂದು ಗೊಂಚಲು ಅಂದ್ರೆ ಚೆನ್ನಾಗೇ ಆಯ್ತು. ಈಗ ಖುಷಿಗೆ ನೀರು ಹಾಕ್ಬೇಡಿ ಮತ್ತೆ.

ಪೇಢಾಪ್ರಿಯ

ಅಂಕಲ್ ಈಗೇನಂತಾರ? ಗಂಡೋ ಹೆಣ್ಣೋ?

ಬೆಣ್ಣೆದೋಸೆ

ಕಾರು ಬೇರೆ ಕಡೆ ನಿಲ್ಲಿಸ್ತಿದ್ದಾರೆ.

ಅಂಗಳದ ಅಕ್ಕ

ನನ್ನ ಬೀಜ ಹನ್ನೊಂದರಲ್ಲಿ ಎಂಟು ಹುಟ್ಟಿತು, ಮಣ್ಣುಮಸಿಯವರಿಗೆ ಧನ್ಯವಾದ. ಇನ್ನೊಂದು ಕೇಳೂದಿತ್ತು. ಹೊಳೆದಾಸವಾಳ ಒಂದು ಉಂಟು ಬಾವಿಕಟ್ಟೆ ಹತ್ತಿರ, ಅದೂ ಹೂ ಬಿಡ್ತಿಲ್ಲ. ಅದಕ್ಕೂ ನೀರು ನಿಲ್ಲಿಸಲಾ?

ಮಣ್ಣುಮಸಿ

ಅಯ್ಯೋ ಬೇಡ ಅಕ್ಕ, ಅದು ಹೆಸರೇ ಹೇಳೋ ಹಾಗೆ ಹೊಳೆದಂಡೆ ಮರ, ಬೇರಿಗೆ ತೇವ ಇರಲೇಬೇಕು. ಅದು ಹೂ ಬಿಡೋದು ಹೊಸ ಚಿಗುರಲ್ಲಿ, ಹಾಗಾಗಿ ಕತ್ತರಿಸೋ ಲೆಕ್ಕವೂ ಉಲ್ಟಾ. ಬಿಸಿಲು ಎಷ್ಟು ಹೊತ್ತು ಬೀಳುತ್ತೆ ಅಲ್ಲಿ? ಒಂದು ಫೋಟೋ ಹಾಕಿ.